ಎರಡು ಕುಣಿಕೆಯ ಹಿಡಿಬಟ್ಟೆ

ಮಧ್ಯರಾತ್ರಿ ಕಳೆದ ಮೇಲೆ ಹಿತ್ತಲಲ್ಲಿ ಯಾರೋ ಲೋಟದಿಂದ ನೀರು ಸುರಿಯುತ್ತಿದ್ದರು. ಕಲ್ಲಿಗೆ ಬಿದ್ದು ಸದ್ದಾಗಬಾರದೆಂದು ಸ್ವಲ್ಪ ಸ್ವಲ್ಪವೇ, ಅದೂ ಬಟ್ಟೆಯ ಮೇಲೇ ಬೀಳುವ ಹಾಗೆ. ಪೆರಿಯನಾಯಕಿಯ ನಿದ್ದೆ ಮೊದಲಿನಿಂದಲೂ ತೆಳು. ಹಗಲಿಡೀ ಮಗ್ಗ ಬಡಿಯುವ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ದೊಡ್ಡ ಸದ್ದು ಕಿವಿಗೆ ತಾಗುತ್ತಿರಲಿಲ್ಲ. ಇಂಥ ಸಣ್ಣ ಸದ್ದಿಗೆ ಮಾತ್ರ ಎದ್ದು ಕೂರುತ್ತಿದ್ದಳು. ಕಳ್ಳನಿರಬಹುದೇ ಎಂದುಕೊಂಡಳು. ಕಳ್ಳ ಬಂದು ಬಟ್ಟೆ ಒಗೆಯುವುದಿಲ್ಲ ಎಂದು ಹೊಳೆದ ಮೇಲೆ ಮೆಲ್ಲಗೆ ಬಾಗಿಲು ಸರಿಸಿದಳು.

ಒಗೆಯುವ ಕಲ್ಲಿನ ಹತ್ತಿರ ಅಣ್ಣನ ಮಗಳು ಮಲ್ಲಿಗಾ ಕುಕ್ಕರುಗಾಲಲ್ಲಿ ಕೂತಿದ್ದಳು.

"ಮಲ್ಲಿಗಾ."

ಹುಡುಗಿ ಬೆಚ್ಚಿ ಲೋಟ ಕೈಬಿಟ್ಟಳು. "ಅತ್ತೆ, ನೀವಾ? ಅಪ್ಪ ಅಂದ್ಕೊಂಡು ಉಸಿರೇ ನಿಂತುಹೋಯ್ತು."

"ಈ ಹೊತ್ನಲ್ಲಿ ಎನಕ್ಕೆ ಒಗೀತಿದ್ದೀ?"

"ಬೆಳಿಗ್ಗೆ ಇಲ್ಲಿ ಪಾವು ಹಾಸ್ತಾರಲ್ಲ. ಆಳುಗಳೆಲ್ಲಾ ಇರ್ತಾರೆ. ಆವಾಗ ಹೆಂಗೆ ಒಗೀಲಿ?"

ಅದು ನಿಜ. ಸೀರೆಯ ಉದ್ದಕ್ಕೆ ಹೋಗುವ ನೂಲನ್ನು, ಅಂದರೆ ಪಾವನ್ನು, ಬೆಳಕು ಹರಿಯುವ ಮೊದಲೇ ಹಿತ್ತಲಲ್ಲಿ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಮುಟ್ಟಾದ ಹೆಂಗಸರು ಆ ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ಅವರ ಬಟ್ಟೆ ಪಾವಿನ ಕಣ್ಣಿಗೂ ಬೀಳಬಾರದು. ಬಿದ್ದರೆ ಎಳೆ ಎಳೆಯೂ ಕಿತ್ತುಹೋಗುತ್ತದೆ ಎಂಬ ನಂಬಿಕೆ. ಪೊಳ್ಳಾಚಿ ಹತ್ತಿರದ ನೆಗಮಂ ಸುತ್ತ ಕನ್ನಡ ಮಾತಾಡುವ ನೇಯ್ಗೆಯವರ ಬೀದಿಗಳಲ್ಲೆಲ್ಲ ಇದೇ ಕಟ್ಟುಪಾಡು.

"ಎಲ್ಲಿ ಒಣಗಿಸ್ತೀ?"

ಮಲ್ಲಿಗಾ ದನದ ಕೊಟ್ಟಿಗೆಯ ಸೂರಿನ ಕಡೆ ಕೈ ತೋರಿಸಿದಳು. ತೆಂಗಿನ ಗರಿಗೂ ಬಿದಿರಿಗೂ ನಡುವೆ ಪೆರಿಯನಾಯಕಿ ಕೈ ತೂರಿಸಿದಳು. ನಿನ್ನೆಯ ಬಟ್ಟೆ ಸಿಕ್ಕಿತು. ಹಳೇ ಸೀರೆಯ ತುಂಡು, ಇನ್ನೂ ತಣ್ಣಗಿತ್ತು, ಮುಗ್ಗಲು ವಾಸನೆ ಹೊಡೆಯುತ್ತಿತ್ತು, ಜೇಡರ ಬಲೆ ಮೆತ್ತಿಕೊಂಡಿತ್ತು. ಹುಡುಗಿ ಎರಡು ದಿನದಿಂದ ಕಾಲು ಅಗಲಿಸಿ ನಡೆಯುತ್ತಿದ್ದಳು. ಹಿಮ್ಮಡಿಗೆ ಮುಳ್ಳು ಚುಚ್ಚಿದೆ ಎಂದಿದ್ದಳು, ಅತ್ತೆ ನಂಬಿದ್ದಳು.

"ಹುಣ್ಣಾಗಿದೆಯಾ?"

ಮಲ್ಲಿಗಾ ತಲೆ ತಗ್ಗಿಸಿದಳು. ಆಮೇಲೆ ಬೇರೇನನ್ನೋ ಹೇಳಿದಳು: "ನಾಳೇನೂ ಸ್ಕೂಲಿಗೆ ಪೋಗೋಕಾಗಲ್ಲ ಅತ್ತೆ. ಹೊಟ್ಟೆನೋವು ಅಂತ ಅಪ್ಪನ್ಗೆ ಹೇಳಿ."

ಹೇಳುವುದು ಸುಲಭವಿರಲಿಲ್ಲ. ಪೆರಿಯನಾಯಕಿ ಗಂಡ ಸತ್ತ ಮೇಲೆ ಅಣ್ಣ ಲಿಂಗಸಾಮಿಯ ಮನೆಯಲ್ಲೇ ಇದ್ದಳು. ಎರಡು ಬೀದಿ ಆಚೆಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರು. ಹೋದ ವಾರವಷ್ಟೇ ಹೆಡ್‌ಮಾಸ್ಟರು ಹತ್ತನೇ ಕ್ಲಾಸಿನ ಹನ್ನೊಂದು ಹುಡುಗಿಯರ ಹೆಸರು ಓದಿದ್ದರು. ಹಾಜರಿ ಸಾಲದು, ಇನ್ನು ಹೀಗೇ ತಪ್ಪಿಸಿಕೊಂಡರೆ ಮಾರ್ಚ್ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಹನ್ನೊಂದರಲ್ಲಿ ಮಲ್ಲಿಗಾಳ ಹೆಸರು ಮೊದಲನೆಯದು. ಲಿಂಗಸಾಮಿ ಊಟಕ್ಕೆ ಕೂತಾಗ ಒಂದೇ ಮಾತು ಆಡಿದ್ದ: "ತಿಂಗಳಿಗೆ ಐದು ದಿನ ಮನೇಲಿರೋಳಿಗೆ ಸ್ಕೂಲು ಎನಕ್ಕೆ? ಪರೀಕ್ಷೆಗೆ ಕೂರಿಸಲ್ಲ ಅಂದ್ರೆ ರಾಟೆ ಮುಂದೆ ಕೂರಲಿ." ಅವನು ಕೂಗಾಡುವ ಮನುಷ್ಯನಲ್ಲ. ಅದಕ್ಕೇ ಅವಳಿಗೆ ಹೆದರಿಕೆ. ಕೂಗಾಡದೆ ಹೇಳಿದ್ದನ್ನು ಅವನು ಮಾಡುತ್ತಿದ್ದ.

ಹಿಂದೊಮ್ಮೆ ಅವಳು ಕೊಯಮತ್ತೂರಿಗೆ ಟೀಚರ್ ಟ್ರೈನಿಂಗಿಗೆ ಹೋಗಿದ್ದಾಗ ಒಬ್ಬ ಲೇಡಿ ಡಾಕ್ಟರು ಬಂದು ಮುಟ್ಟಿನ ಬಟ್ಟೆಯ ಬಗ್ಗೆ ಒಂದು ಗಂಟೆ ಮಾತಾಡಿದ್ದರು. ಸೋಪು, ಕುದಿನೀರು, ಬಿಸಿಲು. ಮೂರರಲ್ಲಿ ಬಿಸಿಲು ತಪ್ಪಿದರೆ ಉಳಿದೆರಡೂ ದಂಡ. ನಲವತ್ತು ಹೆಂಗಸರು ತಲೆ ಎತ್ತದೆ ನೋಟುಬುಕ್ಕು ನೋಡುತ್ತ ಕೂತಿದ್ದರು. ಪೆರಿಯನಾಯಕಿಯೂ ಒಂದಕ್ಷರ ಬರೆದುಕೊಂಡಿರಲಿಲ್ಲ. ಆದರೂ ಮಾತು ಉಳಿದುಕೊಂಡಿತ್ತು. ಅದನ್ನು ಅವಳು ಇಲ್ಲಿಯವರೆಗೆ ಯಾವ ಹುಡುಗಿಗೂ ಹೇಳಿರಲಿಲ್ಲ. ಹೇಳಿ ಏನು ಉಪಯೋಗ, ಬಿಸಿಲಿಗೆ ಹಾಕುವ ಜಾಗ ಎಲ್ಲಿದೆ?

ಆ ರಾತ್ರಿ ಅವಳು ಮತ್ತೆ ಮಲಗಲಿಲ್ಲ.

ಚಿಕ್ಕಪ್ಪನ ಮಗ ದೇವರಾಜನ್ ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಲ್ಲಿ ಕಟಿಂಗ್ ಮಾಸ್ಟರು. ಭಾನುವಾರ ಊರಿಗೆ ಬರುತ್ತಿದ್ದ. ಬಟ್ಟೆ ಕತ್ತರಿಸಿ ಉಳಿದ ಚೂರನ್ನು ಅಲ್ಲಿ ವೇಸ್ಟು ಎಂದು ಮೂಟೆಗಟ್ಟಲೆ ಮಾರುತ್ತಿದ್ದರು. ಹತ್ತಿಯ ಹೆಣಿಗೆ, ಮೆತ್ತಗೆ, ನೀರು ಕುಡಿಯುವಂಥದು. ಅವಳು ಒಂದು ಚೀಲ ತಂದುಕೊಡು ಎಂದಾಗ ದೇವರಾಜನ್ ನಕ್ಕ.

"ಎನಕ್ಕಕ್ಕಾ? ಸ್ಕೂಲ್‌ನಲ್ಲಿ ಮಿಷನ್ ಶೆಡ್ ಹಾಕ್ತಿದ್ದೀರಾ, ಮಿಷನ್ನಿನ ಎಣ್ಣೆ ಒರೆಸೋಕೆ?"

"ಪಿಡಿತುಣಿ ಹೊಲಿಸೋಕೆ ಕಣೋ. ಹುಡುಗೀರಿಗೆ ಪ್ರಾಕ್ಟೀಸು."

"ಅಯ್ಯೋ ಸಾಮಿ! ಎಕ್ಸ್‌ಪೋರ್ಟ್ ಮಾಲು, ಫಾರಿನ್‌ನೋನು ಎದೆ ಮೇಲೆ ಹಾಕ್ಕೊಳ್ಳೋದು. ನೀವು ರಸದ ಪಾತ್ರೆ ಇಳಿಸ್ತೀರಾ!"

ಪಿಡಿತುಣಿ ಎಂದರೆ ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ. ಆ ಮಾತು ಅವಳ ಬಾಯಿಗೆ ತಾನಾಗಿ ಬಂದಿತ್ತು. ಬಂದ ಮೇಲೆ ಅದರಲ್ಲಿ ಎಷ್ಟು ಅನುಕೂಲವಿದೆ ಎಂದು ತಿಳಿಯಿತು. ಹಿಡಿಬಟ್ಟೆಯನ್ನು ಯಾರೂ ಬಚ್ಚಿಡುವುದಿಲ್ಲ. ಎಲ್ಲರ ಕಣ್ಣೆದುರು ಒಗೆಯಬಹುದು, ಹಗಲು ಹೊತ್ತಿನಲ್ಲಿ ತಂತಿಯ ಮೇಲೆ ಒಣಹಾಕಬಹುದು.

ಮುಂದಿನ ಶುಕ್ರವಾರ ಹೊಲಿಗೆ ಪೀರಿಯಡ್ಡಿನಲ್ಲಿ ಅವಳು ಹತ್ತನೇ ಕ್ಲಾಸಿನ ಬಾಗಿಲು ಮುಚ್ಚಿ ಡಾಕ್ಟರ ಮಾತನ್ನು ಹೇಳಿದಳು. ಧ್ವನಿ ಎರಡು ಸಲ ಕೈಕೊಟ್ಟಿತು. ಹುಡುಗಿಯರು ಮೊದಲು ಬಾಯಿಗೆ ದಾವಣಿಯ ಸೆರಗು ತುರುಕಿಕೊಂಡು ನಕ್ಕರು. ಆಮೇಲೆ ಅಂಗಪ್ಪನ್ ಮಗಳು ಎದ್ದು ನಿಂತಳು.

"ಟೀಚರ್, ಬಿಸಿಲಲ್ಲಿ ಹಾಕಿ ಅದರ ಮೇಲೆ ಹಾವು ಹರಿದ್ರೆ ಮಕ್ಕಳಾಗಲ್ಲ ಅಂತಾರಲ್ಲ ನಮ್ಮಜ್ಜಿ?"

"ಸ್ಕೂಲ್ ಮಹಡಿ ಹತ್ತೋ ಹಾವನ್ನ ನಾನಿನ್ನೂ ನೋಡಿಲ್ಲ, ನನ್ ಕಣ್ಣು. ಬಂದ್ರೆ ಹೆಡ್‌ಮಾಸ್ಟರಿಗೆ ಹೇಳೋಣ, ಅಟೆಂಡೆನ್ಸ್ ಹಾಕ್ಕೊಳ್ಳಲಿ."

ಈ ಸಲ ಎಲ್ಲರೂ ಬಾಯಿಬಿಟ್ಟು ನಕ್ಕರು, ಕೆಲಸ ಶುರುವಾಯಿತು. ಬನಿಯನ್ ಬಟ್ಟೆ ಎಂಟು ಮಡಿಕೆ, ಅಂಚಿಗೆ ಹೊಲಿಗೆ, ಎರಡು ತುದಿಗೂ ಒಂದೊಂದು ಕುಣಿಕೆ. ಕುಣಿಕೆಯೊಳಗೆ ಸೊಂಟದ ದಾರ ತೂರಿಸಿ ಕಟ್ಟಿಕೊಂಡರೆ ಓಡಿದರೂ ಜಾರುವುದಿಲ್ಲ. ಒಬ್ಬೊಬ್ಬಳಿಗೆ ಮೂರು. ಒಬ್ಬರದು ಒಬ್ಬರಿಗೆ ಹೋಗಬಾರದೆಂದು ಮೂಲೆಯಲ್ಲಿ ಬಣ್ಣದ ದಾರದಿಂದ ಗಂಟು ಹೊಲಿಗೆಯ ಗುರುತು ಹಾಕಿಸಿದಳು. ಮಲ್ಲಿಗಾಳದು ಮೂರು ಹಸಿರು ಗಂಟು. ಅಂಗಪ್ಪನ್ ಮಗಳದು ನೀಲಿ.

ಹೆಡ್‌ಮಾಸ್ಟರ್ ವೆಂಕಟಾಚಲಂ ಅದೇ ನೇಯ್ಗೆಯ ಜನದವರು, ಆ ಜನದ ಕುಲದೇವಿ ಚೌಡಮ್ಮನ ಗುಡಿಯ ಕಮಿಟಿಯಲ್ಲೂ ಇದ್ದರು. ಒಂದು ದಿನ ಹೊಲಿಗೆ ಮೇಜಿನ ಹತ್ತಿರ ನಿಂತು ಒಂದನ್ನು ಕೈಗೆತ್ತಿಕೊಂಡರು. ಹುಡುಗಿಯರೆಲ್ಲ ಒಟ್ಟಿಗೆ ಸೂಜಿಗೆ ದಾರ ಪೋಣಿಸತೊಡಗಿದರು.

"ಏನಮ್ಮಾ ಇದು?"

"ಪಿಡಿತುಣಿ ಸಾರ್."

"ಇಷ್ಟು ಉದ್ದಾನಾ?"

"ದೊಡ್ಡ ಪಾತ್ರೆಗೆ ಸಾರ್. ಅಂಡಾ ಇಳಿಸೋಕೆ."

"ಕುಣಿಕೆ ಎರಡು ಕಡೆಗೂ ಇದೆಯಲ್ಲ?"

"ಒಂದು ಕಿತ್ತೋದ್ರೆ ಇನ್ನೊಂದು ಇರಲಿ ಅಂತ ಸಾರ್."

ಅವರು ಕುಣಿಕೆಗೆ ಬೆರಳು ತೂರಿಸಿ ಎಳೆದು ನೋಡಿದರು. "ಅದು ಯೋಚನೆ! ನಮ್ಮವರು ನೂರು ವರ್ಷದಿಂದ ಪಾತ್ರೆ ಇಳಿಸ್ತಿದ್ದಾರೆ, ಒಬ್ಬರಿಗೂ ಹೊಳೀಲಿಲ್ಲ." ಮುರಿದ ಬೆಂಚುಗಳಿದ್ದ ಕತ್ತಲೆ ಕೋಣೆಯನ್ನು ಹೊಲಿಗೆ ಬಟ್ಟೆ ನೆನೆಸಲು ಬಿಟ್ಟುಕೊಡಿ ಎಂದು ಅವರ ಉತ್ಸಾಹ ಇಳಿಯುವ ಮೊದಲೇ ಪೆರಿಯನಾಯಕಿ ಕೇಳಿಬಿಟ್ಟಳು. ಕೊಟ್ಟರು. ಅಲ್ಲಿ ಒಂದು ಬಕೆಟ್ಟು, ಸೋಪಿನ ಚೂರು, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಹುಡುಗಿಯರಿಗೆ ಬೇಕಾಗಿದ್ದದ್ದು ಹೆಚ್ಚಿನಂಶ ಆ ಚಿಲಕವೇ ಎಂದು ಅವಳಿಗೆ ಆಮೇಲೆ ಗೊತ್ತಾಯಿತು.

ಶನಿವಾರ ಬೆಳಗ್ಗೆ ಅವಳೇ ಹೋಗಿ, ಹುಡುಗಿಯರು ಒಗೆದಿಟ್ಟದ್ದನ್ನೆಲ್ಲ ಸೋಡಾ ಹಾಕಿ ಕುದಿಸಿ, ಮಹಡಿಯ ತಂತಿಯ ಮೇಲೆ ಸಾಲಾಗಿ ಹಾಕುತ್ತಿದ್ದಳು. ಬಿಳೀ ಬಟ್ಟೆಗಳು ಬಿಸಿಲಿಗೆ ಗರಿಗರಿಯಾಗುತ್ತಿದ್ದವು. ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನೋಡಿ ಸುಮ್ಮನೆ ಹೋಗುತ್ತಿದ್ದರು. ಯಾರಾದರೂ ಒಬ್ಬರಿಗೆ ಗೊತ್ತಾದರೆ ಸಾಕು, ಕೋಣೆಗೆ ಬೀಗ ಬೀಳುತ್ತದೆ, ಹನ್ನೊಂದು ಹುಡುಗಿಯರು ಮನೆಗೆ, ಮಲ್ಲಿಗಾ ರಾಟೆಗೆ. ಮಾರ್ಗಳಿ ತಿಂಗಳು ಮುಗಿಯುವಷ್ಟರಲ್ಲಿ, ಅಂದರೆ ಜನವರಿಯ ನಡುವಿನ ಹೊತ್ತಿಗೆ, ಹಾಜರಿ ಪುಸ್ತಕದಲ್ಲಿ ಆ ಹನ್ನೊಂದು ಹೆಸರುಗಳ ಮುಂದಿನ ಸೊನ್ನೆಗಳು ಹೆಚ್ಚುಕಡಿಮೆ ನಿಂತೇಹೋಗಿದ್ದವು. ಮಲ್ಲಿಗಾ ನೆಟ್ಟಗೆ ನಡೆಯುತ್ತಿದ್ದಳು.

ಮಾರ್ಗಳಿಯ ಮುಂದಿನ ತೈ ತಿಂಗಳ ಒಂದು ಶನಿವಾರ ಚೌಡಮ್ಮನ ಪೂಜೆ ಬಂತು. ಐದುನೂರು ಜನಕ್ಕೆ ಗುಡಿಯಲ್ಲಿ ಊಟ. ಪರೀಕ್ಷೆಗೆ ಇನ್ನು ಎರಡು ತಿಂಗಳೂ ಉಳಿದಿರಲಿಲ್ಲ. ಪೆರಿಯನಾಯಕಿ ಬೆಳಗಿನ ಜಾವವೇ ಶಾಲೆಗೆ ಹೋಗಿ ಬಟ್ಟೆ ಕುದಿಸಿ ತಂತಿಗೆ ಹಾಕಿ, ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಬಿಸಿಲೇರಿದ ಮೇಲೆ ಗುಡಿಗೆ ಹೋಗುವ ದಾರಿಯಲ್ಲಿ ಎತ್ತಿಡೋಣವೆಂದು ಮತ್ತೆ ಮಹಡಿ ಹತ್ತಿದಳು.

ತಂತಿ ಖಾಲಿ. ಒಂದು ಬಟ್ಟೆಯೂ ಇರಲಿಲ್ಲ.

ಕೆಳಗೆ ಪ್ಯೂನ್ ಮೈಲ್‌ಸಾಮಿ ಬೀಡಿ ಸೇದುತ್ತ ಕೂತಿದ್ದ.

"ಮೈಲ್‌ಸಾಮಿ, ಮೇಲಿದ್ದ ಬಟ್ಟೆ?"

"ಗುಡಿಗೆ ಪೋಯ್ತುಂಗೋ ಟೀಚರಮ್ಮ. ಅಡುಗೇರು ಪಿಡಿತುಣಿ ಮರೆತು ಬಂದವ್ರಂತೆ, ಕೈ ಸುಟ್ಕೊಂಡು ಕೂಗಾಡ್ತಾವ್ರೆ. ಹೆಡ್‌ಮಾಸ್ಟರ್ ಸಾರು, ನಮ್ಮ ಸ್ಕೂಲ್‌ನಲ್ಲಿ ಅಂಡಾ ಇಳಿಸೋಕೇ ಅಂತ ಹೊಲಿದಿರೋದು ಇದೆ, ಅಷ್ಟೂ ತಗೊಂಬಾ ಅಂದ್ರು." ಬೀಡಿ ಕೆಳಗಿಟ್ಟು ಎದ್ದು ನಿಂತ. "ಚೆನ್ನಾಗಿ ಒಣಗಿತ್ತುಂಗೋ. ನಾನೇ ಮಡಚಿ ತಗೊಂಡೋದೆ."

ಅವಳು ಓಡಲಿಲ್ಲ. ಓಡಿದರೆ ಜನ ನೋಡುತ್ತಾರೆ. ಎರಡು ಬೀದಿಯನ್ನು ಸೆರಗು ಬಿಗಿಹಿಡಿದು ನಡೆದಳು.

ಗುಡಿಯ ಹಿಂದಿನ ಅಡುಗೆ ಚಪ್ಪರದ ಬಾಯಲ್ಲಿ ಜಾನಕಿಯಮ್ಮ ಮಣೆ ಹಾಕಿಕೊಂಡು ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಪೂಜೆಗೆ ಮೂರು ದಿನ ಮೊದಲೇ ಮನೆಮನೆಗೆ ಹೋಗಿ ಯಾವ ಹೆಣ್ಣು ಯಾವತ್ತು ಹೊರಗೆ ಕೂರುತ್ತಾಳೆಂದು ವಿಚಾರಿಸುವುದು ಅವಳ ಕೆಲಸ. ಅವಳ ಮುಂದೆ ಸುಳ್ಳು ಹೇಳಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

"ಏನು ಅಮ್ಮಿಣಿ, ಮೊಖ ಹಿಂಗಿದೆ? ಸುದ್ದ ತಾನೆ?"

"ಸುದ್ದ ತಾನುಂಗೋ ಅಜ್ಜಿ."

"ಹಂಗಾರೆ ಒಳಗೆ ಬಾ."

ಒಳಗೆ ಐದು ಒಲೆ ಉರಿಯುತ್ತಿತ್ತು. ಹಿರೀ ಅಡುಗೆಯವನು ದಂಡಪಾಣಿ ಪೊಂಗಲಿನ ಅಂಡಾವನ್ನು ಇನ್ನೊಬ್ಬನ ಜೊತೆ ಇಳಿಸುತ್ತಿದ್ದ. ಅವನ ಎಡಗೈಯಲ್ಲಿದ್ದ ಬಟ್ಟೆಗೆ ಆಗಲೇ ಮಸಿ ಹತ್ತಿತ್ತು. ಮೂಲೆಯಲ್ಲಿ ಮೂರು ಹಸಿರು ಗಂಟು. ದೇವಿಗೆ ಎತ್ತಿಟ್ಟ ನೈವೇದ್ಯದ ಪಾತ್ರೆಯ ಮುಚ್ಚಳದ ಮೇಲೆ ಇನ್ನೊಂದು ಮಡಚಿ ಕೂತಿತ್ತು. ಅದರದು ನೀಲಿ.

ಹೇಳಬೇಕಾದರೆ ಈಗಲೇ ಹೇಳಬೇಕಿತ್ತು. ಪೂಜಾರಿ ಪಾತ್ರೆ ಎತ್ತಿಕೊಂಡು ಹೋಗಲು ಬಾಗುತ್ತಿದ್ದ. ಪೆರಿಯನಾಯಕಿಯ ಬಾಯಿ ಅರ್ಧ ತೆರೆಯಿತು. ದೇವರಿಲ್ಲ ಎನ್ನುವಷ್ಟು ಧೈರ್ಯ ಅವಳಿಗೆ ಯಾವತ್ತೂ ಇರಲಿಲ್ಲ. ಹದಿಮೂರನೇ ವಯಸ್ಸಿನಿಂದ ಅವಳೂ ಹೊರಗೆ ಕೂತವಳೇ, ಪಾವು ಕಂಡರೆ ದೂರ ಸರಿದವಳೇ. ಆದರೆ ಹೇಳಿದರೆ ಏನಾಗುತ್ತದೆ? ಅಷ್ಟೂ ಪೊಂಗಲು ಗುಂಡಿಗೆ, ಗುಡಿಗೆ ಶುದ್ಧಿ, ಊರಿಗೆಲ್ಲ ಸುದ್ದಿ. ಯಾರದು, ಯಾರದು ಎಂದು ಕೇಳುತ್ತಾರೆ. ಕೇಳಬೇಕಾಗಿಯೂ ಇಲ್ಲ. ಒಂದೊಂದರ ಮೂಲೆಯಲ್ಲೂ ಅವಳೇ ಕೂತು, ದಾರ ಆರಿಸಿ, ಹುಡುಗಿಯರ ಗುರುತು ಹಾಕಿಸಿದ್ದಳಲ್ಲ. ಹೆಸರು ಬರೆದಿಟ್ಟ ಹಾಗೆಯೇ.

ಪೂಜಾರಿ ಪಾತ್ರೆ ಎತ್ತಿದ. ಹೋದ. ಅವಳು ಬಾಯಿ ಮುಚ್ಚಿದಳು.

ಬಾಳೆಲೆಯ ಕಟ್ಟು ಹೊತ್ತು ಮಲ್ಲಿಗಾ ಒಳಗೆ ಬಂದಳು. ದಂಡಪಾಣಿಯ ಕೈ ನೋಡಿದಳು. ಎಲೆಕಟ್ಟು ಜಾರಿತು.

"ಅತ್ತೆ, ಅದು ನಂದು—"

"ಪಂಕ್ತಿ ಕೂತಿದೆ, ಎಲೆ ಹಾಕು ಹೋಗು ಕಣ್ಣು."

"ಅಲ್ಲ ಅತ್ತೆ, ಅದು—"

"ಪಿಡಿತುಣಿ. ಹೋಗು."

ಮಲ್ಲಿಗಾಳ ಕಣ್ಣಲ್ಲಿ ನೀರು ತುಂಬಿತು. ಹಾಗೇ ಅವಳ ಗಲ್ಲ ನಡುಗತೊಡಗಿತು. ನಗು ತಡೆಯುತ್ತಿದ್ದಾಳೆಂದು ಪೆರಿಯನಾಯಕಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಹುಡುಗಿ ಎಲೆಯ ಹಿಂದೆ ಮುಖ ಮುಚ್ಚಿಕೊಂಡು ಹೊರಗೆ ಓಡಿದಳು.

ಐದುನೂರು ಜನ ಉಂಡರು. ಲಿಂಗಸಾಮಿ ಎರಡನೇ ಸಲ ಪೊಂಗಲು ಹಾಕಿಸಿಕೊಂಡ. ಪೆರಿಯನಾಯಕಿ ತನ್ನ ಎಲೆಯ ಮುಂದೆ ಕೂತು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕೈಮುಗಿದು ಉಂಡಳು. ಚೆನ್ನಾಗಿಯೇ ಇತ್ತು, ಉಪ್ಪು ಸ್ವಲ್ಪ ಮುಂದು.

ಊಟ ಮುಗಿದ ಮೇಲೆ ಬಟ್ಟೆ ಒಟ್ಟುಮಾಡಲು ಅಡುಗೆ ಚಪ್ಪರಕ್ಕೆ ಹೋದರೆ, ಅವು ಜಾನಕಿಯಮ್ಮನ ಮಡಿಲಲ್ಲಿದ್ದವು. ಪಕ್ಕದಲ್ಲಿ ವೆಂಕಟಾಚಲಂ ಎಲೆಯಡಿಕೆ ಹಾಕಿಕೊಳ್ಳುತ್ತ ನಿಂತಿದ್ದರು.

"ನೋಡಿ ಅಜ್ಜಿ, ಎರಡು ಕುಣಿಕೆ! ಒಂದು ಕಿತ್ತೋದ್ರೆ ಇನ್ನೊಂದು ಇರ್ತದೆ. ಎಲ್ಲಾ ನಮ್ಮ ಟೀಚರಮ್ಮನ ಯೋಚನೆ."

ಮುದುಕಿ ಒಂದನ್ನು ಅಂಗೈ ಮೇಲೆ ಉದ್ದಕ್ಕೆ ಇಟ್ಟು ನೋಡಿದಳು. ದಪ್ಪ ಹಿಸುಕಿದಳು. ಒಂದು ಕುಣಿಕೆ ಹಿಡಿದಳು, ಇನ್ನೊಂದು ಕುಣಿಕೆ ಹಿಡಿದಳು, ಎರಡನ್ನೂ ಎಳೆದು ನೋಡಿದಳು. ಆಮೇಲೆ ಪೆರಿಯನಾಯಕಿಯನ್ನು ನೋಡಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ವೆಂಕಟಾಚಲಂ, ನೀ ಪೋಗಪ್ಪ. ಹೆಂಗಸರು ಅಡುಗೆ ವಿಷಯ ಮಾತಾಡ್ತೀವಿ."

ಅವರು ಹೋದರು.

"ನಮ್ಮ ಕಾಲದಲ್ಲಿ ಇಂಥದ್ದು ಯಾರೂ ಹೊಲಿದು ಕೊಡಲಿಲ್ಲ," ಎಂದಳು ಜಾನಕಿಯಮ್ಮ. ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಅವಳ ಕೈಗೆ ಕೊಟ್ಟಳು. "ತಗೊಂಡು ಹೋಗು. ಸ್ಕೂಲಿಗೆ ಬೇಕಾಗ್ತದೆ. ಗುಡಿಗೆ ಬೇರೆ ಎರಡು ಡಜನ್ ಹೊಲಿದು ಕೊಡು, ಬಣ್ಣದ ಬಟ್ಟೇಲಿ. ನಮ್ಗೆ ಒಂದು ಕುಣಿಕೆ ಸಾಕು."

"ಅಜ್ಜಿ..."

"ಮಸಿ ಹಂಗೇ ಬಿಟ್ರೆ ಹೋಗಲ್ಲ. ನಾಳೆ ಬಿಸಿಲಿಗೆ ಹಾಕು," ಎಂದು ಮುದುಕಿ ಮಂಡಿ ಹಿಡಿದು ಎದ್ದಳು.

ಆಮೇಲಿನ ಎರಡು ದಿನ ಪೆರಿಯನಾಯಕಿ ಊರನ್ನು ಕಾಯುತ್ತ ಕಳೆದಳು. ಯಾರ ಮನೆಯಲ್ಲಿ ಕೆಮ್ಮು, ಯಾರಿಗೆ ಜ್ವರ, ಯಾರ ಪಾವು ಕಿತ್ತುಹೋಯಿತು ಎಂದು ಕಿವಿಯೆಲ್ಲ ಬೀದಿಯ ಕಡೆ. ಲಿಂಗಸಾಮಿಯ ಮಗ್ಗ ಎಂದಿನಂತೆ ಬಡಿಯುತ್ತಿತ್ತು. ಸೋಮವಾರ ಪ್ರಾರ್ಥನೆಗೆ ವೆಂಕಟಾಚಲಂ ಕಾಣಲಿಲ್ಲ. ಹತ್ತೂವರೆಗೆ ಅವರು ಬೆವರು ಒರೆಸಿಕೊಳ್ಳುತ್ತ ಬಂದರು. ಪೊಳ್ಳಾಚಿ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಹತ್ತನೇ ಕ್ಲಾಸಿನಲ್ಲಿ ಹನ್ನೊಂದಕ್ಕೆ ಹನ್ನೊಂದೂ ಹಾಜರು.

ಅಂದು ಸಂಜೆ ಅತ್ತಿಗೆ ಸುಬ್ಬಾತಾಳ್ ಹೂ ಕಟ್ಟುತ್ತ ಕೇಳಿದಳು, "ಏನು ಪೆರಿಯನಾಯಕಿ, ಗುಡೀಲಿ ಜಾನಕಿಯಮ್ಮ ನಿನ್ನನ್ನ ಒಬ್ಬಳನ್ನೇ ನಿಲ್ಲಿಸ್ಕೊಂಡು ಮಾತಾಡಿದ್ಲಂತೆ? ಏನಾಯ್ತು?"

ಒಳಗೆ ಪಾಠ ಓದುತ್ತಿದ್ದ ಮಲ್ಲಿಗಾಳ ದನಿ ತಟ್ಟನೆ ನಿಂತಿತು.

ಪೆರಿಯನಾಯಕಿ ಮಿಷನ್ನಿನ ಮುಂದೆ ಕೆಂಪು ಬಟ್ಟೆ ಹರಡಿಕೊಂಡು ಕೂತಿದ್ದಳು. ಸುಬ್ಬಾತಾಳಿಗೆ ಹೇಳಿದರೆ ಅಣ್ಣನಿಗೆ ಹೋಗುತ್ತದೆ. ದೇವರಾಜನಿಗೆ ಹೇಳಿದರೆ ತಿರುಪ್ಪೂರಿನ ಬಸ್ಸಿನಲ್ಲೇ ನಗೆಪಾಟಲಾಗುತ್ತದೆ. ಹೆಡ್‌ಮಾಸ್ಟರು ತಮ್ಮ ಎರಡು ಕುಣಿಕೆಯ ಹೆಮ್ಮೆಯಲ್ಲಿ ಸುಖವಾಗಿದ್ದರು. ಜಾನಕಿಯಮ್ಮನಿಗೆ ಎಷ್ಟು ಗೊತ್ತು ಎಂದು ಕೇಳಲು ಹೋದರೂ ಹೇಳಿದ ಹಾಗೆಯೇ. ಪರೀಕ್ಷೆ ಮುಗಿಯಲಿ ಎಂದು ಮೊದಲು ಅಂದುಕೊಂಡಳು. ಆಮೇಲೆ, ಪರೀಕ್ಷೆ ಮುಗಿದ ಮೇಲೂ ಒಂಬತ್ತನೆಯ ಕ್ಲಾಸಿನವರು ಹತ್ತಕ್ಕೆ ಬರುತ್ತಾರಲ್ಲ ಎಂದು ನೆನಪಾಯಿತು.

"ಏನಿಲ್ಲ ಅತ್ತಿಗೆ. ಪೊಂಗಲಿಗೆ ಉಪ್ಪು ಜಾಸ್ತಿಯಾಗಿತ್ತು, ಅದನ್ನೇ ಹೇಳ್ತಿದ್ಲು," ಎಂದು ಹೇಳಿ, ಇದನ್ನು ಇನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಕೆಂಪು ಬಟ್ಟೆಯ ಒಂದೇ ತುದಿಗೆ ಕುಣಿಕೆ ಇಟ್ಟು ಹೊಲಿಯತೊಡಗಿದಳು. ಒಳಗಿನಿಂದ ಓದುವ ದನಿ ಮತ್ತೆ ಶುರುವಾಯಿತು.